ಭತ್ತದ ಕಣದ ಬಾಸ್ಕೆಟ್‌ಬಾಲ್

ನಾನು ಹುಟ್ಟಿದ್ದು ಜೂನ್ ಒಂದರಂದು. ನನ್ನ ಹೆಂಡತಿಯೂ ಜೂನ್ ಒಂದರಂದೇ ಹುಟ್ಟಿದ್ದಾಳೆ. ಮೊನ್ನೆ ಮೇ ಮೂವತ್ತೊಂದರಂದು ನನ್ನ ಜೊತೆ ಹಾರ ಹಾಕಿಸಿಕೊಂಡು ನಿವೃತ್ತರಾದ ನಮ್ಮ ತಾಲೂಕಿನ ಮಾಸ್ತರುಗಳೆಲ್ಲ ಅದೇ ದಿನ ಹುಟ್ಟಿದವರು. ಇದರಲ್ಲಿ ಪವಾಡವೇನೂ ಇಲ್ಲ. ನಮ್ಮ ಕಾಲದಲ್ಲಿ ಹುಟ್ಟಿದ ತಾರೀಖನ್ನು ಬರೆಯುತ್ತಿದ್ದವರು ಹೆತ್ತವರಲ್ಲ, ಸಾಲಿಯ ಹೆಡ್‌ಮಾಸ್ತರು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುವರು. ಮುಟ್ಟಿದರೆ ಆರು ವರ್ಷ ತುಂಬಿತು, ಜೂನ್ ಒಂದು ಎಂದು ಬರೆದುಕೊಳ್ಳುವರು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನನ್ನನ್ನು ಯಲಬುರ್ಗಾದ ಸಾಲಿಗೆ ಹಾಕಿದಾಗ ಕಿವಿ ಎಟುಕಲಿಲ್ಲವಂತೆ. ಆದರೂ ಮಾಸ್ತರು ದಯೆ ತೋರಿ ಬರೆದುಕೊಂಡರು. "ನಿನಗ ಒಂದು ವರ್ಷ ಹೆಚ್ಚಿಗಿ ಬರದಾರೋ ಯಪ್ಪಾ" ಎಂದು ನಮ್ಮವ್ವ ಕೊನೆಯವರೆಗೂ ಹೇಳುತ್ತಿದ್ದಳು. ನಾನು ನಗುತ್ತಿದ್ದೆ.

ಈ ಮಾತು ಯಾಕೆ ಬಂತೆಂದರೆ, ಹೊಸದಾಗಿ ದೈಹಿಕ ಶಿಕ್ಷಕರಾದ ಹುಡುಗರು ಈಗಲೂ ನನಗೆ ಫೋನ್ ಮಾಡುತ್ತಾರೆ. ಅವರಿಗೆ ಮಕ್ಕಳ ಕಾಟ ಇಲ್ಲ, ತಂದೆತಾಯಿಗಳ ಕಾಟ. "ಸರ್, ಎಲ್ಲಾರೂ ಒಂದ ಕೇಳ್ತಾರ್ರಿ, ನಮ್ಮ ಮಗಳು ಆಟದಾಗ ಯಾವ ಲೆವೆಲ್ ಅದಾಳ ಅಂತ. ಏನು ಹೇಳಬೇಕ್ರಿ?" ಎನ್ನುತ್ತಾರೆ. ಖರೇ ಹೇಳ್ರಿ ಎನ್ನುತ್ತೇನೆ. ಹೇಳುವುದು ಸುಲಭ. ಆ ಎರಡು ಅಕ್ಷರ ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಕಲಿಸಿದವನು ರೈಸ್ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವ ಒಬ್ಬ ಮನುಷ್ಯ.

೧೯೯೭ರಲ್ಲಿ ನನಗೆ ಗಂಗಾವತಿ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಗೆ ವರ್ಗವಾಯಿತು. ಸಿದ್ದಾಪುರದ ದಾರಿಯಲ್ಲಿ, ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆ. ಅದೇ ವರ್ಷ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆ, ಹೊಸ ಕಚೇರಿ, ಹೊಸ ಸಾಹೇಬರು. ಸಾಹೇಬರು ಎಲ್ಲ ಪಿ.ಟಿ. ಮಾಸ್ತರುಗಳನ್ನು ಕೂಡಿಸಿ, "ಕಬಡ್ಡಿ, ಖೋಖೋ ಎಲ್ಲಾರೂ ಆಡಸ್ತೀರಿ. ಬ್ಯಾರೆ ಏನರ ಮಾಡ್ರಿ" ಎಂದರು. ನಾನು ಹುರುಪಿನಲ್ಲಿ ಎದ್ದು ನಿಂತು, "ಹುಡುಗ್ಯಾರ ಬಾಸ್ಕೆಟ್‌ಬಾಲ್ ತಂಡ ಕಟ್ತೀನ್ರಿ" ಎಂದುಬಿಟ್ಟೆ. ತರಬೇತಿ ಕಾಲೇಜಿನಲ್ಲಿ ಮೂರು ತಿಂಗಳು ಆಡಿದ್ದೆ, ಅಷ್ಟೇ ಬಂಡವಾಳ.

ಶಾಲೆಯ ಮೈದಾನ ಎರೆಮಣ್ಣಿನದು. ಚೆಂಡು ನೆಲಕ್ಕೆ ಬಡಿದರೆ ಮೇಲೇಳುವುದಿಲ್ಲ, ಮಲಗಿಬಿಡುತ್ತದೆ. ಪಕ್ಕದಲ್ಲೇ ಒಂದು ರೈಸ್ ಮಿಲ್ಲು. ಕುದಿಸಿದ ಭತ್ತ ಒಣಗಿಸಲು ಅಲ್ಲೊಂದು ದೊಡ್ಡ ಕಾಂಕ್ರೀಟ್ ಕಣವಿತ್ತು. ಭತ್ತ ಹರವಿಲ್ಲದ ದಿನಗಳಲ್ಲಿ ಆಡಿಕೊಳ್ಳಲು ಮಾಲೀಕರು ಒಪ್ಪಿದರು. ಗಿಣಿಗೇರಾದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ನನ್ನ ಭಾವಮೈದುನ ಎರಡು ಕಂಬ, ಎರಡು ರಿಂಗ್ ಮಾಡಿಕೊಟ್ಟ. ಕಣದ ಅಂಚಿನಲ್ಲಿ ನೆಟ್ಟೆವು. ನೆಲದಿಂದ ರಿಂಗಿಗೆ ಸರಿಯಾಗಿ ಹತ್ತು ಅಡಿ, ಟೇಪು ಹಿಡಿದವನು ನಾನೇ.

ಎಂಟು ಹುಡುಗಿಯರು ಸಿಕ್ಕರು. ಅವರಲ್ಲಿ ಎಂಟನೇ ತರಗತಿಯ ರೇಣುಕಾ ಎಲ್ಲರಿಗಿಂತ ಚಿಕ್ಕವಳಾಗಿ ಕಾಣುತ್ತಿದ್ದಳು. ಮುಖ ಮಗುವಿನದು, ಕೈ ಮಾತ್ರ ಮೊಳಕಾಲಿನವರೆಗೆ. ಅವಳ ಅಪ್ಪ ದೊಡ್ಡಬಸಪ್ಪನೇ ಆ ಮಿಲ್ಲಿನ ಬಾಯ್ಲರ್‌ನವನು. ನಮ್ಮ ಆಟ ಶುರುವಾದರೆ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಲ್ಲುವನು.

ತಾಲೂಕು ಕ್ರೀಡಾಕೂಟಕ್ಕೆ ನಮ್ಮದೊಂದೇ ತಂಡ ಬಂತು. ಎದುರಾಳಿ ಇಲ್ಲ, ಗೆದ್ದಿರಿ ಎಂದರು. ಜಿಲ್ಲಾ ಕೂಟಕ್ಕೆ ಕೊಪ್ಪಳಕ್ಕೆ ಹೋದೆವು. ಕುಷ್ಟಗಿ, ಯಲಬುರ್ಗಾಗಳಿಂದ ತಂಡವೇ ಇಲ್ಲ. ಕೊಪ್ಪಳದ ತಂಡದ ಹೆಸರಿತ್ತು, ಆದರೆ ಅದೇ ಹುಡುಗಿಯರು ಅದೇ ಹೊತ್ತಿಗೆ ಖೋಖೋ ಫೈನಲ್ ಆಡುತ್ತಿದ್ದರು. ಕಾದು ಕಾದು ರೆಫರಿ ಸೀಟಿ ಊದಿದರು. ನಿಯಮದಂತೆ ನಮ್ಮ ಐವರು ಖಾಲಿ ಅಂಕಣದಲ್ಲಿ ನಿಂತರು. ರೇಣುಕಾ ಚೆಂಡು ಎಸೆದಳು, ಮೂರನೇ ಸಲಕ್ಕೆ ಬಿತ್ತು. ನಾನು ಸಹಿ ಮಾಡಿದೆ. ಕೊಪ್ಪಳ ಜಿಲ್ಲೆಗೆ ನಾವು ಪ್ರಥಮ!

ಊರಿಗೆ ಬಂದರೆ ನಮ್ಮ ಹೆಡ್‌ಮಾಸ್ತರು ಶಾಲೆಯ ಮುಂದೆ ಬಟ್ಟೆಯ ಮೇಲೆ ಬಣ್ಣದಲ್ಲಿ "ಜಿಲ್ಲಾ ಚಾಂಪಿಯನ್ನರಿಗೆ ಸ್ವಾಗತ" ಎಂದು ಬರೆಸಿ ಕಟ್ಟಿಸಿದ್ದರು. ನಾನು ಮೆಲ್ಲಗೆ, "ಸರ್, ನಾವು ಒಂದೂ ಆಟ ಆಡಿಲ್ರಿ" ಎಂದೆ. "ಸರ್ಟಿಫಿಕೇಟಿನ್ಯಾಗ ಏನೈತಿ?" ಎಂದರು. "ಪ್ರಥಮ ಅಂತ ಐತ್ರಿ." "ಮತ್ತ? ಅದನ್ನ ಬರಸೀನಿ. ಸುಳ್ಳು ಏನೈತಿ ಇದರಾಗ? ಸುಮ್ಮನ ಇರ್ರಿ" ಎಂದರು. ಸುಮ್ಮನಿದ್ದೆ. ಶಾಲು ಹೊದಿಸಿದರು, ಅದನ್ನೂ ಹೊದ್ದೆ. ಸಭೆಯ ಹಿಂದಿನ ಸಾಲಿನಲ್ಲಿ ದೊಡ್ಡಬಸಪ್ಪ ಹೊಸ ಅಂಗಿ ತೊಟ್ಟು ಕುಳಿತಿದ್ದ. ಮಿಲ್ಲಿಗೆಲ್ಲ ಪೇಡೆ ಹಂಚಿದನಂತೆ. ಆ ಪೇಡೆ ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನದು ವಿಭಾಗ ಮಟ್ಟ, ಗುಲ್ಬರ್ಗಾದಲ್ಲಿ. ಅಲ್ಲಿ ಎದುರಾಳಿಗಳಿದ್ದರು. ಮೂವತ್ತೆಂಟು–ಎರಡರಿಂದ ಸೋತೆವು. ಸೋಲಿಗಿಂತ ನನ್ನ ತಲೆ ಕೆಡಿಸಿದ್ದು ಬೇರೆ. ಹೇಗೋ ಬಿದ್ದ ಆ ಒಂದನ್ನು ಬಿಟ್ಟರೆ, ನಮ್ಮ ಹುಡುಗಿಯರು ಎಸೆದ ಚೆಂಡೆಲ್ಲ ರಿಂಗಿನ ಕೆಳಗೇ ಹಾಯ್ದು ಹೋಗುತ್ತಿತ್ತು. ಒಂದಲ್ಲ ಎರಡಲ್ಲ, ಎಲ್ಲವೂ ಒಂದೇ ಅಳತೆಯಲ್ಲಿ ಕಡಿಮೆ.

ಊರಿಗೆ ಮರಳಿದ ಮರುದಿನ ಬೆಳಿಗ್ಗೆ ಕಣಕ್ಕೆ ಹೋದರೆ ದೊಡ್ಡಬಸಪ್ಪ ಮಿಲ್ಲಿನ ಟೇಪು ಹಿಡಿದು ನಿಂತಿದ್ದ. ಮಗಳು ಅತ್ತು ಎಲ್ಲ ಹೇಳಿದ್ದಳು. ಏಣಿ ಹತ್ತಿದ, ಅಳೆದ, ಇಳಿದ.

"ಸರ್, ಹತ್ತು ಅಡಿ ಅಂದಿದ್ರಿ. ಒಂಬತ್ತು ಐತಿ."

"ಹೆಂಗಾದೀತು? ನಾನ ಅಳದೀನಿ."

"ಎಲ್ಲಿಂದ ಅಳದ್ರಿ?"

ನಾನು ಕಂಬದ ಬುಡ ತೋರಿಸಿದೆ. ಕಂಬ ನೆಟ್ಟಿದ್ದು ಕಣದ ಹೊರಗಿನ ಮಣ್ಣಿನಲ್ಲಿ. ಮಳೆನೀರು ಹೊಗದಿರಲೆಂದು ಕಣವನ್ನು ಕಟ್ಟಿದ್ದೇ ನೆಲಕ್ಕಿಂತ ಒಂದಡಿ ಎತ್ತರಕ್ಕೆ. ಹುಡುಗಿಯರು ಆಡುವುದು ಕಣದ ಮೇಲೆ, ನಾನು ಅಳೆದದ್ದು ಕಣದ ಕೆಳಗಿಂದ! ಆರು ತಿಂಗಳು ಒಂಬತ್ತಡಿಗೆ ಕೈ ಪಳಗಿಸಿ ಹತ್ತಡಿಗೆ ಕಳಿಸಿದ್ದೆ. ಇಂಥ ಬುದ್ಧಿವಂತ ಇನ್ನೊಬ್ಬ ಇಡೀ ವಿಭಾಗದಲ್ಲಿ ಇದ್ದಿರಲಿಕ್ಕಿಲ್ಲ.

ಅವನು ನಗಲಿಲ್ಲ. "ಅದಿರಲಿ. ರಿಂಗ್ ಏರಸ್ಬಹುದು. ನಮ್ಮ ಹುಡುಗಿ ಜಿಲ್ಲಾಕ್ಕ ಪ್ರಥಮ ಅಂದ್ರಿ. ಯಾರನ್ನ ಸೋಲಿಸಿದ್ಲು?" ಎಂದ.

"ಯಾರನ್ನೂ ಇಲ್ಲ."

"ಹಂಗಾದ್ರ ಅಕ್ಕಿ ಹಾಕದನ ಜರಡಿ ಹಿಡದು, ನೋಡ್ರಿ ಮ್ಯಾಲ ನಿಂತೈತಿ ಅಂದ್ರಿ?"

ಶಾಲೆಯಿಂದ ಸೀಮೆಸುಣ್ಣದ ಕಡ್ಡಿ ತಂದು ಕಣದ ಮೇಲೆಯೇ ಗೆರೆ ಹಾಕಿ ತೋರಿಸಿದೆ. ಇದು ತಾಲೂಕು, ಇದು ಜಿಲ್ಲೆ, ಇದು ವಿಭಾಗ ಅಂದರೆ ಬೀದರಿನಿಂದ ಬಳ್ಳಾರಿವರೆಗೆ, ಇದು ರಾಜ್ಯ, ಇದು ರಾಷ್ಟ್ರ. ಇದು ಸಾಲಿ ಇಲಾಖೆಯ ದಾರಿ. ಕ್ಲಬ್ಬಿನವರು ಆಡುವ ಪಂದ್ಯಗಳದು ಬೇರೆ ದಾರಿ. ಕ್ರೀಡಾ ಹಾಸ್ಟೆಲ್ಲಿನದು ಮೂರನೆಯ ದಾರಿ, ಅಲ್ಲಿ ದಿನಾ ಎರಡು ಹೊತ್ತು ಕಲಿಸುತ್ತಾರೆ, ಊಟ ವಸತಿ ಅವರದೇ. ಮೂರೂ ದಾರಿಗೆ ವಯಸ್ಸಿನ ಗೇಟು ಬೇರೆಬೇರೆ. ಅವನು ಕುಕ್ಕರುಗಾಲಲ್ಲಿ ಕೂತು ಒಂದೊಂದು ಗೆರೆಯನ್ನೂ ಬೆರಳಿಂದ ಮುಟ್ಟಿದ. "ತಿಳೀತು. ಜರಡಿ ಕಣ್ಣು ಸಣ್ಣದಾಗ್ತಾ ಹೋಗ್ತಾವ. ಈಗ ಹೇಳ್ರಿ, ನನ್ನ ಮಗಳು ಎಲ್ಲಿ ನಿಂತಾಳ? ಸಿಹಿ ಮಾತು ಬ್ಯಾಡ."

"ತಾಲೂಕಿನ್ಯಾಗ ಛಲೋ ಅದಾಳ. ಜಿಲ್ಲಾದಾಗ ನಡೀತಾಳ. ವಿಭಾಗದಾಗ ಬೆಂಚಿನ ಮ್ಯಾಲ ಕುಂದರ್ತಾಳ" ಎಂದೆ.

ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು. "ಇದು ಮಾತು ನೋಡ್ರಿ. ಆಡ್ಲಿ ಹಂಗಾದ್ರ" ಎಂದು ಬಾಯ್ಲರ್ ಕಡೆ ನಡೆದ.

ಆ ವಾರವೇ ರಿಂಗ್ ಒಂದಡಿ ಏರಿತು. ನಾನೂ ಜಾಣನಾದೆ ಅಂದುಕೊಂಡೆ. ಆದರೆ ನಾಯಿಬಾಲ ನೆಟ್ಟಗಾಗುವುದು ಅಷ್ಟು ಸುಲಭವೇ? ಮುಂದಿನ ಬೇಸಿಗೆಯಲ್ಲಿ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಗೆ ಕರೆದರು. ಜೂನ್ ಒಂದಕ್ಕೆ ಹದಿನಾಲ್ಕು ತುಂಬಿರಬಾರದು. "ನಿನಗೆಷ್ಟು?" ಎಂದು ರೇಣುಕಾಳನ್ನು ಕೇಳಿದೆ. "ಹದಿಮೂರ್ರಿ" ಎಂದಳು. ಅರ್ಜಿ ತುಂಬಿ, ಹುಟ್ಟಿದ ತಾರೀಖಿನ ದಾಖಲೆಯನ್ನು ಶಾಲೆಯ ಗುಮಾಸ್ತರಿಂದ ಬರೆಸಿಕೊಂಡು ಮಡಚಿ ಇಟ್ಟುಕೊಂಡೆ. ಬಿಚ್ಚಿ ನೋಡಲಿಲ್ಲ.

ಗುಲ್ಬರ್ಗಾದಲ್ಲಿ ಹುಡುಗಿ ಮಿಂಚಿದಳು. ಓಟದಲ್ಲಿ ಮುಂದೆ, ನಿಂತಲ್ಲಿಂದ ಜಿಗಿಯುವುದರಲ್ಲಿ ಎಲ್ಲರಿಗಿಂತ ಮೇಲೆ, ತೋಳಿನ ಅಳತೆ ತೆಗೆದವರು ಇನ್ನೊಮ್ಮೆ ತೆಗೆದರು. ದೊಡ್ಡಬಸಪ್ಪ ರಜೆ ಹಾಕಿ ಬಂದಿದ್ದ. ಕೊನೆಗೆ ಮೇಜಿನ ಹಿಂದಿದ್ದವರು ದಾಖಲೆ ಬಿಚ್ಚಿ, "ಸರ್, ಈಕಿಗೆ ಜೂನ್ ಒಂದಕ್ಕ ಸರಿಯಾಗಿ ಹದಿನಾಲ್ಕು ತುಂಬ್ತಾವ. ಬರಂಗಿಲ್ಲ" ಎಂದು ಕಾಗದ ತಿರುಗಿಸಿಕೊಟ್ಟರು.

ನಾನು ದೊಡ್ಡಬಸಪ್ಪನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ.

ಹೊರಗೆ ಬೇವಿನ ನೆರಳಲ್ಲಿ ಕುಳಿತ ಮೇಲೆ ಹೇಳಿದ. "ಖರೇನ ಹದಿಮೂರ್ರಿ ಆಕಿಗೆ. ಐದು ತುಂಬಿದಾಗ ಸಾಲಿಗೆ ಕರಕೊಂಡು ಹೋದೆ. ಅವರವ್ವ ಭತ್ತದ ನಾಟಿಗೆ ಹೋಗಾಕಿ, ಮನ್ಯಾಗ ನೋಡವರಿಲ್ಲ. ಐದು ಅಂದ್ರ ಮಾಸ್ತರು ಆಗೂದಿಲ್ಲ ಅಂದ್ರು. ಎದಕ್ಕೂ ಇರ್ಲಿ ಅಂತ ಕಿವಿ ಮುಟ್ಟಿಸಿದ್ರು. ಈಕಿ ಕಿವಿ ದಾಟಿ ಗದ್ದಾನ ಹಿಡದ್ಲು! ಮಾಸ್ತರು, ಲೇ ಇಕಿಗೆ ಆರು ಮುಗದು ಏಳು ನಡದೈತಿ ಅಂದ್ರು. ನಾನೂ ಭಾಳ ಖುಷಿ ಪಟ್ಟೆ."

ಯಾವ ತೋಳಿಗಾಗಿ ಅವರು ಅಳತೆ ಟೇಪನ್ನು ಎರಡು ಸಲ ಹಿಡಿದರೋ ಅದೇ ತೋಳು ಅವಳ ಒಂದು ವರ್ಷವನ್ನು ತಿಂದುಬಿಟ್ಟಿತ್ತು. ರೇಣುಕಾ ಮಾತ್ರ ಕೈಯನ್ನು ತಲೆಯ ಮೇಲಿಂದ ಹಾಯಿಸಿ, ಗದ್ದ ಮುಟ್ಟುತ್ತದೋ ಎಂದು ನೋಡುತ್ತಿದ್ದಳು.

ಪಕ್ಕದಲ್ಲಿದ್ದ ಒಬ್ಬರು, ಅಫಿಡವಿಟ್ ಮಾಡಿಸಿ ತಾರೀಖು ತಿದ್ದಿಸಬಹುದಲ್ಲ ಎಂದರು. ದೊಡ್ಡಬಸಪ್ಪ ತಲೆ ಅಲ್ಲಾಡಿಸಿದ. "ಖರೇ ವಯಸ್ಸಿಗೆ ಕಾಗದ ಎಲ್ಲಿಂದ ತರ್ಲಿ? ಆಕಿ ಹುಟ್ಟಿದ್ದು ಮನ್ಯಾಗ. ನಾಳೆ ಯಾರರ ವಯಸ್ಸು ಕಡಿಮಿ ಮಾಡ್ಯಾರ ಅಂದ್ರ, ಹುಡುಗಿ ಎಲ್ಲಿ ಹೋದ್ರೂ ಅದ ಮಾತು ಬೆನ್ನು ಹತ್ತತೈತಿ." ಆಮೇಲೆ ನನ್ನ ಕಡೆ ತಿರುಗಿ, "ಸರ್, ಎರಡು ಸಲ ಆತು. ಮೊದಲನೇದು ನಿಮ್ಮದು, ಎರಡನೇದು ನಂದೂ ಐತಿ. ಮೂರನೇ ಸಲ ಹುಡುಗಿ ಮುಂದ ಆಸೆ ಹಿಡದು ಕಸಗೊಂಡ್ವಿ ಅಂದ್ರ, ಆಟ ಬಿಡಸ್ತೀನಿ ನೋಡ್ರಿ" ಎಂದ. ಅವನು ಗದರಿಸಲಿಲ್ಲ, ಮೆಲ್ಲಗೇ ಹೇಳಿದ. ಮಗಳು ಕೇಳಿಸಿಕೊಂಡು ಚೆಂಡನ್ನು ಎದೆಗೆ ಅವಚಿಕೊಂಡಳು. ಅವಳ ಆಟ ಈಗ ನನ್ನ ನಾಲಗೆಯ ಮೇಲೆ ನಿಂತಿತ್ತು.

ಅಂದಿನಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಮಳೆಗಾಲಕ್ಕೊಮ್ಮೆ, ಭತ್ತದ ಸುಗ್ಗಿಗೆ ಮೊದಲೊಮ್ಮೆ, ತಂದೆತಾಯಿಗಳನ್ನು ಕಣಕ್ಕೆ ಕರೆದು ಗೆರೆ ಹಾಕಿ, ನಿಮ್ಮ ಮಗಳು ಇಲ್ಲಿ ನಿಂತಿದ್ದಾಳೆ ಎಂದು ಹೆಸರು ಬರೆದು ತೋರಿಸುವುದು. ಏನೇನು ಪಾಡು ಪಟ್ಟೆ! ಒಬ್ಬ ತಾಯಿ ಸಿಟ್ಟಿನಿಂದ ಬಂದು, "ನನ್ನ ಮಗಳಿಗೆ ನಾಕನೇ ನಂಬರಿನ ಅಂಗಿ ಕೊಟ್ಟೀರಿ. ಒಂದು, ಎರಡು, ಮೂರು ಯಾರಿಗಿ ಕೊಟ್ರಿ?" ಎಂದು ಜಗಳ ತೆಗೆದಳು. ಬಾಸ್ಕೆಟ್‌ಬಾಲಿನಲ್ಲಿ ಆಗ ನಂಬರು ಶುರುವಾಗುತ್ತಿದ್ದುದೇ ನಾಲ್ಕರಿಂದ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಎಲ್ಲ ಅಂಗಿ ತಂದು ಹರವಿ ತೋರಿಸಿದೆ. ಕುಷ್ಟಗಿಯಿಂದ ಒಬ್ಬರು ಕೈಚೀಲದ ತುಂಬ ಸರ್ಟಿಫಿಕೇಟು ತಂದು, "ಇಷ್ಟು ಅದಾವ, ನ್ಯಾಶನಲ್ ಆಗಲಿಕ್ಕೆ ಇನ್ನ ಎಷ್ಟು ಬೇಕ್ರಿ?" ಎಂದು ಕೇಳಿದರು. ಒಂದೊಂದಾಗಿ ಓದಿದೆ. ಎಲ್ಲವೂ ಭಾಗವಹಿಸಿದ್ದಕ್ಕೆ ಕೊಟ್ಟವು. ಅದರಲ್ಲಿ ಎರಡು ಚಿತ್ರಕಲೆಗೆ ಸಂಬಂಧಿಸಿದವು.

ರೇಣುಕಾಳ ಹೆಸರು ಆ ಗೆರೆಗಳ ಮೇಲೆ ಬೆರಳಷ್ಟು, ಬೆರಳಷ್ಟೇ ಮೇಲೇರುತ್ತಿತ್ತು. ಕಾಗದದ ವಯಸ್ಸಿನಿಂದಾಗಿ ತನಗಿಂತ ದೊಡ್ಡವರ ಜೊತೆಗೇ ಆಡಬೇಕು, ತಳ್ಳಿಸಿಕೊಳ್ಳಬೇಕು. ಮಂಡಿ ತರಚದ ದಿನವಿಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ ಜಿಲ್ಲೆಯಲ್ಲಿ ಎರಡು ಆಟ ಆಡಿಯೇ ಗೆದ್ದೆವು. ವಿಭಾಗದಲ್ಲಿ ಸೋತೆವು, ಈ ಸಲ ಹನ್ನೆರಡು ಪಾಯಿಂಟಿನಿಂದ. ಅದನ್ನೇ ಹಬ್ಬದಂತೆ ಆಚರಿಸಿದೆವು.

ಹತ್ತನೇ ತರಗತಿಯ ವರ್ಷವೂ ವಿಭಾಗದಲ್ಲಿ ಸೋತೆವು. ಆದರೆ ಸೋತ ತಂಡಗಳಿಂದಲೂ ಒಬ್ಬಿಬ್ಬರನ್ನು ಆರಿಸಿ ರಾಜ್ಯಕ್ಕೆ ಒಯ್ಯುವ ಪದ್ಧತಿ ಆ ಸಲ ಇತ್ತು. ಪಟ್ಟಿ ಓದಿದರು. ಹನ್ನೆರಡು ಹೆಸರಿನಲ್ಲಿ ಕೊನೆಯ ಹೆಸರು ರೇಣುಕಾ.

ನನ್ನ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಹೆಡ್‌ಮಾಸ್ತರು ಏನು ಬ್ಯಾನರ್ ಬರೆಸುತ್ತಾರೋ, ದೊಡ್ಡಬಸಪ್ಪ ಎಷ್ಟು ಪೇಡೆ ಹಂಚುತ್ತಾನೋ ಎಂದೆಲ್ಲ ಲೆಕ್ಕ ಹಾಕಿದೆ. ಗಂಗಾವತಿ ಹತ್ತಿರ ಬಂದಂತೆ ಬೇವಿನ ನೆರಳಿನ ಮಾತು ನೆನಪಾಯಿತು. ಸೀದಾ ಬಾಯ್ಲರ್ ಬಳಿ ಹೋಗಿ, "ದೊಡ್ಡಬಸಪ್ಪ, ರಾಜ್ಯಮಟ್ಟಕ್ಕ ಹೆಸರು ಬಂದೈತಿ. ಆದ್ರ ಹನ್ನೆರಡನೇದು. ಕರಕೊಂಡು ಹೋಗ್ತಾರ, ಆಡಸ್ತಾರೋ ಇಲ್ಲೋ ಹೇಳಾಕ ಬರಂಗಿಲ್ಲ. ಆಡಿಸದನೂ ತಿರುಗಿ ಕಳಸ್ಬಹುದು" ಎಂದೆ.

ಸುಗ್ಗಿಯ ಕಾಲ, ಕಣದ ತುಂಬ ಭತ್ತ, ಬಾಯ್ಲರ್ ಆರುವಂತಿಲ್ಲ. ಮಗಳದು ಪಬ್ಲಿಕ್ ಪರೀಕ್ಷೆಯ ವರ್ಷ. ಅವನು ಬೆಂಕಿಗೆ ಇನ್ನೆರಡು ಬುಟ್ಟಿ ಹೊಟ್ಟು ಸುರಿದ. "ಆಕಿಗೆ ಹೇಳೀರೇನು ಇದನ್ನ?"

"ಬಸ್ಸಿನ್ಯಾಗ ಆಕಿಗೆ ಮೊದಲು ಹೇಳೀನಿ. ಬೆಂಚಿನ ಮ್ಯಾಲ ಕುಂತ್ರೂ ಹೋಗ್ತೀನಿ ಅಂದಾಳ."

"ಹಂಗಾದ್ರ ನಾನೂ ಬರ್ತೀನಿ. ಬೆಂಚು ಹೆಂಗೈತಿ ನೋಡೂಣು" ಎಂದ.

ಮೈಸೂರು ಕಡೆಯ ಊರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ದೊಡ್ಡಬಸಪ್ಪ ಗ್ಯಾಲರಿಯಲ್ಲಿ ನನ್ನ ಪಕ್ಕ ಕುಳಿತ. ಮೊದಲ ಆಟ, ರೇಣುಕಾ ಬೆಂಚಿನಲ್ಲಿ. ಎರಡನೇ ಆಟ, ಬೆಂಚಿನಲ್ಲಿ. ನಾನು ಅವನ ಮುಖ ನೋಡುವುದನ್ನೇ ಬಿಟ್ಟಿದ್ದೆ. ಮೂರನೇ ಆಟ ಬೆಂಗಳೂರಿನ ತಂಡದ ಮೇಲೆ. ಇಪ್ಪತ್ತು ಪಾಯಿಂಟು ಹಿಂದಿದ್ದೆವು. ಕೊನೆಗೆ ನಾಲ್ಕು ನಿಮಿಷ ಉಳಿದಾಗ ಕೋಚು ಬೆಂಚಿನ ಕಡೆ ಬೆರಳು ತೋರಿದರು. ರೇಣುಕಾ ಎದ್ದಳು.

ಅವಳಿಗೆ ಆಗ ಖರೇ ವಯಸ್ಸು ಹದಿನಾಲ್ಕು. ಎದುರಿಗಿದ್ದವರು ಅವಳಿಗಿಂತ ಗೇಣು ಎತ್ತರ. ಮೊದಲ ನಿಮಿಷದಲ್ಲಿ ಚೆಂಡು ಕಳೆದುಕೊಂಡಳು. ಎರಡನೇ ನಿಮಿಷದಲ್ಲಿ ಆ ಉದ್ದ ತೋಳು ಚಾಚಿ ಒಂದು ಚೆಂಡು ಕಿತ್ತುಕೊಂಡಳು. ಗ್ಯಾಲರಿಯಲ್ಲಿ ಯಾರೋ, ಯಾರಿದು ಎಂದರು. ರಿಂಗಿನ ಕೆಳಗೆ ನುಗ್ಗಿದಾಗ ಎದುರಿನವಳು ಕೆಡವಿದಳು. ಎರಡು ಫ್ರೀ ಥ್ರೋ ಕೊಟ್ಟರು. ಮೊದಲನೆಯದು ರಿಂಗಿಗೆ ಬಡಿದು ಹೊರಗೆ ಹೋಯಿತು. ಎರಡನೆಯದು ಒಳಗೆ ಇಳಿಯಿತು.

ಒಂದೇ ಪಾಯಿಂಟು. ನಾವು ಸೋತೆವು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ತಿರುಗಿದರೆ ದೊಡ್ಡಬಸಪ್ಪನ ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

"ಒಂದ ಪಾಯಿಂಟ್ರಿ. ಆದ್ರ ಎದುರಿಗೆ ಮಂದಿ ಇದ್ರಲ್ರಿ ಸರ್!"

ನನಗೂ ಅಳು ಬಂತು, ತಡೆಯಲಿಲ್ಲ. ಜಿಲ್ಲಾ ಪ್ರಥಮದ ಸರ್ಟಿಫಿಕೇಟು ಅವನ ಮನೆಯಲ್ಲಿ ಟ್ರಂಕಿನ ತಳ ಸೇರಿತು. ರಾಜ್ಯದಲ್ಲಿ ಬರೀ ಭಾಗವಹಿಸಿದ್ದಕ್ಕೆ ಕೊಟ್ಟದ್ದನ್ನು ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ. ಬಂದವರು ಕೇಳಿದರೆ, "ನಾಕು ನಿಮಿಷ ಆಡ್ಯಾಳ" ಎಂದು ನಿಮಿಷದ ಲೆಕ್ಕವನ್ನೇ ಹೇಳುತ್ತಿದ್ದ, ಐದು ಎನ್ನುತ್ತಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ತಂಡಗಳ ಹೆಸರು ಕಂಪ್ಯೂಟರಿನಲ್ಲಿ ಹೋಗತೊಡಗಿತು. ಕೊಪ್ಪಳ, ಗಂಗಾವತಿಗಳಲ್ಲಿ ಒಳ್ಳೆಯ ಅಂಕಣಗಳಾದವು. ತಂದೆತಾಯಿಗಳ ವಾಟ್ಸ್ಆಪ್ ಗುಂಪಿನಲ್ಲಿ ದಿನ ಬೆಳಗಾದರೆ ಮಗಳ ವಿಡಿಯೋ, ಕೆಳಗೆ ನೂರು ಚಪ್ಪಾಳೆ. ಹೊಸ ಮಾಸ್ತರುಗಳೇ, ಚಪ್ಪಾಳೆ ನೀವೂ ಹಾಕಿರಿ, ತಪ್ಪಿಲ್ಲ. ಆದರೆ ವರ್ಷಕ್ಕೆರಡು ಸಲ ಅವರನ್ನು ಕರೆದು ಗೆರೆ ಹಾಕಿ ತೋರಿಸಿರಿ. ಅವರು ಬೇಸರ ಮಾಡಿಕೊಳ್ಳುತ್ತಾರೆ ಎಂಬುದು ನಮ್ಮ ಅಂಜಿಕೆ ಅಷ್ಟೇ. ಎದುರಿಗೆ ಮಂದಿ ಇದ್ದಾಗ ಮಗು ಎಲ್ಲಿ ನಿಲ್ಲುತ್ತದೆ ಎಂದು ತಿಳಿದ ತಂದೆ ಆಟ ಬಿಡಿಸುವುದಿಲ್ಲ. ರಿಂಗಿನ ಎತ್ತರ ಅಳೆಯುವಾಗ ಮಾತ್ರ ಮಕ್ಕಳು ನಿಲ್ಲುವ ಜಾಗದಿಂದ ಅಳೆಯಿರಿ. ಇಷ್ಟೇ ನನ್ನ ವಿದ್ಯೆ.

ರೇಣುಕಾ ಈಗ ಕುಷ್ಟಗಿಯಲ್ಲಿ ದೈಹಿಕ ಶಿಕ್ಷಕಿ. ನಾನು ನಿವೃತ್ತನಾದ ಮರುವಾರ ಮನೆಗೆ ಬಂದಳು. ಜೊತೆಗೆ ದೊಡ್ಡಬಸಪ್ಪ, ತಲೆ ಪೂರ್ತಿ ಬೆಳ್ಳಗಾಗಿದೆ. ನಡುವೆ ಹತ್ತು ವರ್ಷದ ಮೊಮ್ಮಗಳು, ತಾಯಿಯದೇ ತೋಳು.

"ಸರ್, ಈ ವರ್ಷ ಈಕಿ ಅಜ್ಜನ ಮನ್ಯಾಗ ಇದ್ದು ಸಾಲಿಗೆ ಹೋಗ್ತಾಳ್ರಿ. ನೀವು ಕಲಸ್ರಿ. ನಾನು ಕಲಿಸಿದ್ರ ಅವ್ವ ಅಂತ ಮಾತು ಕೇಳಂಗಿಲ್ಲ" ಎಂದಳು ರೇಣುಕಾ.

ದೊಡ್ಡಬಸಪ್ಪ ಅಂಗಿಯ ಒಳಗಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟ. ಪ್ಲಾಸ್ಟಿಕ್ ಹೊದಿಸಿದ ಜನನ ಪ್ರಮಾಣಪತ್ರ. "ಆಸ್ಪತ್ರ್ಯಾಗ ಹುಟ್ಟಿದ ದಿನಾನ ನಿಂತು ಬರಸೀನ್ರಿ. ಒಂದು ದಿನಾನೂ ಹೆಚ್ಚು ಕಡಿಮಿ ಇಲ್ಲ. ಈಗ ಹೇಳ್ರಿ, ಈಕಿ ಎಲ್ಲಿ ನಿಂತಾಳ?"

"ಇನ್ನೂ ಕಣದ ಹೊರಗ ನಿಂತಾಳ" ಎಂದೆ. "ನಾಳಿ ಮುಂಜಾನಿಂದ ಒಳಗ ಬರ್ಲಿ."

"ನಿಮಗ ರಿಟೈರ್ ಆಗೈತಿ. ತ್ರಾಸ ಆಗಂಗಿಲ್ಲಲ್ರಿ?"

ನಮ್ಮವ್ವನ ಮಾತು ಆಗ ನೆನಪಾಯಿತು. ಕಿವಿ ಎಟುಕದಿದ್ದರೂ ಮಾಸ್ತರು ಬರೆದುಕೊಂಡ ಆ ಒಂದು ವರ್ಷ. ಕಾಗದದ ಮೇಲೆ ನನಗೆ ಅರವತ್ತು ತುಂಬಿದೆ. ಖರೇ ಅಂದರೆ ಐವತ್ತೊಂಬತ್ತು.

"ಇಲ್ಲ ದೊಡ್ಡಬಸಪ್ಪ" ಎಂದೆ, "ನಂದು ಇನ್ನ ಒಂದು ವರ್ಷ ಸರ್ವಿಸ್ ಬಾಕಿ ಐತಿ." ಮರುದಿನ ಬೆಳಿಗ್ಗೆ ಟೇಪು ಹುಡುಕಿ ಜೇಬಿಗೆ ಹಾಕಿಕೊಂಡು, ಸೀಟಿ ಕೊರಳಿಗೆ ಹಾಕಿಕೊಂಡು ಅದೇ ಮಿಲ್ಲಿನ ಕಣಕ್ಕೆ ಹೋದೆ.